ಕಾಂತಾಳ ಕಂಪ್ಯೂಟರಿನಲ್ಲಿ ಕಾಣೆಯಾದ ಹಾಡು

“ಆಪಾ, ನಮ್ಮವ್ವನ ದನಿ ಕಳುವಾಗೇತ್ರಿ!”

ಖಾನಾಪುರದ ಶಿಕ್ಷಕಿ ಕಾಂತಾ ಬೆಳಗಾವಿಗೆ ಓಡಿಬಂದಾಗ ನಜ್ಮುನ್ನಿಸಾ ಚಹಾ ಸೋಸುತ್ತಿದ್ದರು. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದ ಅವರು ಎಲ್ಲರಿಗೂ ಆಪಾ, ಅಂದರೆ ಅಕ್ಕ. ಕಳುವು, ಕಾಣೆ ಏನಿದ್ದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಬಾಜೂ ಕುಳಿತಿದ್ದ ಪ್ರಮಿಳಾ ಅದೇ ಕೋರ್ಟಿನ ಹಳೆಯ ಗೆಳತಿ. ಪತ್ತೇದಾರಿಯಲ್ಲಿ ಆಪಾನ ಬಲಗೈ ಎಂದು ತನ್ನನ್ನು ತಾನೇ ನೇಮಿಸಿಕೊಂಡಾಕೆ.

ಕಾಂತಾಳ ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಒಗ್ಗದೆಂದು ರಿಪೇರಿಯ ಮುಜೀಬ ನಿನ್ನೆ ಅದರಲ್ಲಿದ್ದ ಹಳೆಯ ವಿಂಡೋಸ್ ಅಳಿಸಿ, ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ್ದ. ಕಡತಗಳನ್ನು ತೆಗೆದಿಟ್ಟು ತಿರುಗಿ ತುಂಬಿದ್ದ. ಎಲ್ಲ ಇತ್ತು, ತೀರಿಹೋದ ತಾಯಿಯ ದನಿಯಲ್ಲಿ ಮುದ್ರಿಸಿಟ್ಟಿದ್ದ ಬೀಸುಕಲ್ಲಿನ ಪದಗಳ ಫೋಲ್ಡರ್ ಮಾತ್ರ ಇಲ್ಲ. ಬೇರೆ ಪ್ರತಿಯೂ ಇರಲಿಲ್ಲ.

“ಅವನೇ ಅಳಿಸ್ಯಾನ,” ಎಂದಳು ಪ್ರಮಿಳಾ. ಆಕೆಗೆ ತೀರ್ಪು ಕೊಡಲು ವಿಚಾರಣೆ ಬೇಕಿರಲಿಲ್ಲ.

ಮೂವರೂ ಖಾನಾಪುರಕ್ಕೆ ಹೋದರು. ಕಾಂತಾಳ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ, ಮಿಕ್ಸರಿಗೆ, ಉಪ್ಪಿನಕಾಯಿ ಭರಣಿಗೂ ಕಾಡಿಗೆಯ ಬೊಟ್ಟು! ಪ್ರಮಿಳಾಗೆ ತನ್ನ ಅವ್ವ ಕೆನ್ನೆಗಿಡುತ್ತಿದ್ದ ಬೊಟ್ಟು ನೆನಪಾಗಿ ಕೈ ತಾನಾಗಿ ಕೆನ್ನೆಗೆ ಹೋಯಿತು.

“ಕೈ ಇನ್ನೂ ಹಳೇ ಮೂಲಿಗೇ ಹೋಗತದರಿ,” ಎಂದು ಕಾಂತಾ ಮೌಸ್ ಹಿಡಿದು ಪರದಾಡಿದಳು.

“ಆಗತದವ್ವಾ. ಟೈಪ್‌ರೈಟರ್ ಹೋದ ಮ್ಯಾಲೂ ಸಾಲು ಮುಗದಾಗೆಲ್ಲ ನನ್ನ ಎಡಗೈ ಆರು ತಿಂಗಳು ರೋಲರ್ ತಳ್ಳಾಕ ತಾನ ಮ್ಯಾಲ ಏಳತಿತ್ತು,” ಎಂದು ನಜ್ಮುನ್ನಿಸಾ ನಕ್ಕರು.

ಕರೆಸಿದ ಮುಜೀಬನ ಮುಖ ಬಾಡಿತ್ತು. “ಖುದಾನ ಆಣಿ ಅಕ್ಕಾರ, ಒಂದೂ ಅಳಿಸಿಲ್ರಿ. ನಲವತ್ತು ಜಿಬಿ ಇತ್ತು, ನಲವತ್ತೂ ತುಂಬೀನಿ.”

ನಜ್ಮುನ್ನಿಸಾ ಪರದೆಯ ಮೇಲಿನ ಫೋಲ್ಡರುಗಳ ಅಳತೆ ಒಂದೊಂದಾಗಿ ಕೂಡಿಸಿದರು. ಮೂವತ್ತೇಳು. ಆದರೆ ಡಿಸ್ಕಿನಲ್ಲಿ ಕಾಂತಾಳ ಪಾಲು ನಲವತ್ತೆಂದೇ ತೋರಿಸುತ್ತಿತ್ತು.

“ಎಲ್ಲಾರೂ ಕುಂದರ್ರಿ,” ಎಂದರು. “ಮೂರು ಜಿಬಿ ಎಲ್ಲೂ ಹೋಗಿಲ್ಲ, ಇಲ್ಲೇ ಐತಿ, ಕಾಣವಲ್ದು ಅಷ್ಟ. ಕಾಂತಾ, ಆ ಫೋಲ್ಡರಿನ ಹೆಸರಿನ ಸುರುವಿಗೆ ಒಂದು ಚುಕ್ಕಿ ಇಟ್ಟಿದ್ದಿ ಹೌದಿಲ್ಲೋ?”

ಕಾಂತಾ ನಾಚಿದಳು. “ಹೌದ್ರಿ. ನದರ ತಾಗಬಾರ್ದಂತ.”

“ಭರಣಿಗೆ ಬೊಟ್ಟು ಇಟ್ಟಾಕಿ ಅವ್ವನ ದನಿಗೆ ಇಡದ ಬಿಡತಾಳೇನು? ವಿಂಡೋಸಿನ್ಯಾಗ ಅದು ಬರೇ ಚುಕ್ಕಿ. ಲಿನಕ್ಸಿನ್ಯಾಗ ಚುಕ್ಕಿಯಿಂದ ಸುರು ಆದ ಹೆಸರಿನ ಫೋಲ್ಡರ್ ಮರೆಯಾಗಿರತದ. ನಾನೂ ಹೋದ ವರ್ಷ ಬದಲಿಸಿದಾಗ ಇದನ್ನ ಕಲತೆ.”

ಮುಜೀಬ ಹಣೆ ಚಚ್ಚಿಕೊಂಡ. “ಚುಕ್ಕಿ ಸಂಗತಿ ಗೊತ್ತಿತ್ರಿ. ದೃಷ್ಟಿಗಂತ ಯಾರರ ಇಡತಾರಂತ ಹೊಳೀಲಿಲ್ಲ!” ಎನ್ನುತ್ತ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದ. ಫೋಲ್ಡರ್ ಎದ್ದುಬಂತು.

“ನಂದ ತಪ್ಪಾತಪ್ಪಾ, ಮುಜೀಬ,” ಎಂದು ಪ್ರಮಿಳಾ ಎಲ್ಲರೆದುರೇ ಹೇಳಿದಳು.

ಬೀಸುಕಲ್ಲಿನ ಸದ್ದಿನೊಡನೆ ಮುದಿದನಿ ಹಾಡತೊಡಗಿತು. ನಡುವೆ ಹಾಡು ನಿಲ್ಲಿಸಿ, “ಕಾಂತಾ, ಉಂಡೀಯೇನ?” ಎಂದಿತು.

ನಿನ್ನೆಯಿಂದ ನೀರೂ ಮುಟ್ಟದ ಕಾಂತಾ ಬಿಕ್ಕಿಬಿಕ್ಕಿ ಅತ್ತಳು. “ಇಲ್ಲಬೇ ಅವ್ವಾ,” ಎಂದಳು, “ಈಗ ಉಣತೇನಿ.”