ನಾಲ್ಕು ಲಕ್ಷ ಕೆಂಪು ಚುಕ್ಕಿಗಳು

"ಇದನ್ನ ತೆಗೆದ ಪುಣ್ಯಾತ್ಮ ಯಾರು?"

ದಾನಿಯ ಮೇದೋಜೀರಕ ಗ್ರಂಥಿಯಿದ್ದ ಐಸ್ ಪೆಟ್ಟಿಗೆಯ ಮುಚ್ಚಳ ತೆರೆದವಳೇ ಅವಳು ಸಿಡಿದಳು. ಪ್ರಯೋಗಾಲಯದವರೆಲ್ಲ ತಲೆ ತಗ್ಗಿಸಿದರು. ಬಾಗಿಲ ಬಳಿ ನಿಂತಿದ್ದ ಎತ್ತರದ ಯುವಕ ಮಾತ್ರ ಮುಂದೆ ಬಂದ.

"ನಾನೇ... ಹೊಸ ಸರ್ಜನ್."

"ನೋಡಿ, ಗ್ರಂಥಿಯ ಪೊರೆ ಹರಿದಿದೆ! ಕೋಶಗಳನ್ನ ಬಿಡಿಸೋಕೆ ನಾನು ಒಳಗೆ ಬಿಡೋ ಕಿಣ್ವ ಎಲ್ಲಾ ಸೋರಿ ಹೋಗುತ್ತೆ. ಲಿವರ್ ತೆಗೆಯೋ ಭರದಲ್ಲಿ ಪಾಪ, ಮೇದೋಜೀರಕ ಯಾರ ಲೆಕ್ಕಕ್ಕೂ ಇಲ್ಲ, ಅಲ್ವಾ?"

ಅವನ ನೋಟ ಅವಳ ಮೇಲೇ ಇತ್ತು.

ದಾನಿಯ ಮೇದೋಜೀರಕದಿಂದ ಇನ್ಸುಲಿನ್ ತಯಾರಿಸುವ ಐಲೆಟ್ ಎಂಬ ಪುಟ್ಟ ಕೋಶಗುಚ್ಛಗಳನ್ನು ಬಿಡಿಸಿ, ಕೆಡದಂತೆ ಕಾಪಾಡಿ ರೋಗಿಗೆ ಒಪ್ಪಿಸುವುದು ಅವಳ ಕೆಲಸ. ಅಂದು ಬೇಕಾದದ್ದರಲ್ಲಿ ಅರ್ಧವೂ ಸಿಗಲಿಲ್ಲ. ಅದಕ್ಕಾಗಿ ಕಾದಿದ್ದ ಮಧುಮೇಹದ ರೋಗಿ, ರಕ್ತದ ಸಕ್ಕರೆ ಕುಸಿಯುವ ಸುಳಿವೇ ತಿಳಿಯದೆ ಪಾಠದ ನಡುವೆ ಪ್ರಜ್ಞೆ ತಪ್ಪುತ್ತಿದ್ದ ಟೀಚರಮ್ಮ, ಬಂದ ದಾರಿಗೆ ಸುಂಕವಿಲ್ಲದೆ ಮನೆಗೆ ಮರಳಿದರು.

ಮರುದಿನ ಅವನು ಹಿರಿಯ ಡಾಕ್ಟರ ಕೋಣೆಯಿಂದ ಹೊರಬರುವುದನ್ನು ಅವಳು ಕಂಡಳು.

'ಚಾಡಿ ಹೇಳಿಯೇಬಿಟ್ಟನಾ!' ಆಮೇಲೆ ಅವನು ಎದುರಾದಾಗಲೆಲ್ಲ ಮುಖ ತಿರುಗಿಸಿದಳು. ಆದರೂ ಆ ನೋಟ ಯಾಕೋ ಮನಸ್ಸು ಬಿಟ್ಟು ಹೋಗಲೊಲ್ಲದು...

ಮೂರು ತಿಂಗಳ ನಂತರ ಅವನೇ ಪೆಟ್ಟಿಗೆ ಹೊತ್ತು ಬಂದ. ಅವಳು ಗ್ರಂಥಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಲ್ಲೂ ಒಂದು ಗೀರಿಲ್ಲ! ಕಿಣ್ವ ತುಂಬಿದಂತೆ ಅದು ಹನಿಯೂ ಸೋರದೆ ಉಬ್ಬಿತು.

ಗ್ರಂಥಿಯ ತುಂಡುಗಳನ್ನು ಯಂತ್ರ ಬೆಚ್ಚಗೆ ಕುಲುಕತೊಡಗಿತು. ಎರಡೆರಡು ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು, ಐಲೆಟ್‌ಗಳನ್ನಷ್ಟೇ ಕೆಂಪಾಗಿಸುವ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ಬೇಗ ನಿಲ್ಲಿಸಿದರೆ ಐಲೆಟ್ ಬಿಡಿಸಿಕೊಳ್ಳವು, ತಡವಾದರೆ ಒಡೆದುಹೋಗುತ್ತವೆ. ಟೀಚರಮ್ಮನ ಬದುಕು ಅವಳ ಕಣ್ಣಳತೆಯ ಮೇಲೆ ನಿಂತಿತ್ತು.

"ಇನ್ನೂ ಇಲ್ಲ... ಇನ್ನೂ ಇಲ್ಲ... ನಿಲ್ಸಿ!"

ಕಿಣ್ವದ ಕೆಲಸ ನಿಲ್ಲಿಸುವ ತಣ್ಣನೆಯ ದ್ರಾವಣ ಹರಿಯಿತು. ದುಂಡಗಿನ ಕೆಂಪು ಚುಕ್ಕಿಗಳು ಕಣ್ತುಂಬ! ಎಣಿಸಿದರೆ ನಾಲ್ಕು ಲಕ್ಷಕ್ಕೂ ಮಿಕ್ಕಿದ್ದವು. ಎರಡು ದಿನ ಪೋಷಕ ದ್ರವದಲ್ಲಿ ಅವನ್ನು ಮಗುವಿನಂತೆ ಕಾದಳು. ಮೂರನೆಯ ದಿನ ಅವು ಟೀಚರಮ್ಮನ ಒಡಲು ಸೇರಿದವು.

ತಿಂಗಳಾಯಿತು. ಟೀಚರಮ್ಮ ಒಮ್ಮೆಯೂ ಬೀಳಲಿಲ್ಲ. ಅವರ ದೇಹ ತಾನೇ ಇನ್ಸುಲಿನ್ ತಯಾರಿಸುತ್ತಿತ್ತು! ರಿಪೋರ್ಟ್ ಹಿಡಿದ ಹಿರಿಯ ಡಾಕ್ಟರ್ ನಕ್ಕರು.

"ನಿನ್ನ ಶಿಷ್ಯ ಗೆದ್ದನಮ್ಮ. ನಿನ್ನ ಕೈಲಿ ಬೈಸಿಕೊಂಡ ಮರುದಿನವೇ ಬಂದು, 'ತಪ್ಪು ನಂದೇ, ಸರಿಯಾಗಿ ಕಲಿಸಿ ಸಾರ್' ಅಂದ. ನಿನ್ನ ಟಿಪ್ಪಣಿಗಳನ್ನೆಲ್ಲ ಬಾಯಿಪಾಠ ಮಾಡಿದಾನೆ!"

ಅವಳು ನಾಲಿಗೆ ಕಚ್ಚಿಕೊಂಡಳು. ಕಾರಿಡಾರಿನಲ್ಲಿ ಅವನು ಒಬ್ಬನೇ ನಿಂತಿದ್ದ.

"ಅಷ್ಟು ಬೈದೆನಲ್ಲ... ಕೋಪ ಬರ್ಲಿಲ್ವಾ?"

"ಬಂತು, ನನ್ನ ಮೇಲೇ. ಆದ್ರೆ ನೋಡಿದ್ದೇ ಇಲ್ಲದ ಒಬ್ಬ ರೋಗಿಗೋಸ್ಕರ ಅಷ್ಟೊಂದು ಜಗಳ ಆಡೋರನ್ನ ನಾನು ಬೇರೆಲ್ಲೂ ನೋಡಿರ್ಲಿಲ್ಲ. ಅವತ್ತೇ ಮನಸ್ಸು ಕೊಟ್ಟುಬಿಟ್ಟೆ. ನಿಮ್ಮ ಜೊತೆ ಕೆಲಸ ಮಾಡ್ತೀನಿ ಅಂತ ಹೇಳ್ಕೊಳ್ಳೋಕೇ ನಂಗೆ ಹೆಮ್ಮೆ."

ಅವಳ ಕಣ್ಣು ತುಂಬಿ ಬಂತು. ತನ್ನ ಕೆಲಸವನ್ನು ಹೀಗೆ ಅರ್ಥ ಮಾಡಿಕೊಂಡವನು ಇವನೊಬ್ಬನೇ!

"ನಾನು ಮುಂಗೋಪಿ."

"ಗೊತ್ತು."

"ಗ್ರಂಥಿ ಸಿಕ್ತು ಅಂತ ಫೋನ್ ಬಂದ್ರೆ ತಟ್ಟೆ ಮುಂದಿಂದ ಎದ್ದು ಓಡ್ತೀನಿ. ಸಂಸಾರ ಮಾಡೋಕೆ ಕಷ್ಟ."

"ಆ ಫೋನ್ ಮಾಡೋನೇ ನಾನಲ್ವಾ?"

ಅವಳು ಕಣ್ಣೀರಿನ ನಡುವೆಯೇ ಜೋರಾಗಿ ನಕ್ಕು, ಅವನ ಕೈ ಹಿಡಿದಳು.