ಎದ್ದು ನಿಲ್ಲುವ ಮನೆ

“ಇನ್ನೊಂದು ಸಲ ನೋಡಿ ಟೀಚರ್, ಆಮೇಲೆ ಹೇಳಿ,” ಎಂದಳು ಜೀನಾ.

ಸಿರಿಂಜುಗಳ ಮೇಲೆ ಸ್ಕೇಲನ್ನು ಅಡ್ಡ ಇಟ್ಟು ಎರಡೂ ಕೈಯಿಂದ ಒತ್ತಿದಳು. ಸಣ್ಣ ಟ್ಯೂಬುಗಳಲ್ಲಿ ನೀರು ಓಡಿತು. ಮೇಜಿನ ಮೇಲಿದ್ದ ರಟ್ಟಿನ ಮನೆ ಒಮ್ಮೆ ಅಲುಗಾಡಿ, ಮೆಲ್ಲಗೆ ನಾಲ್ಕು ಕಾಲಿನ ಮೇಲೆ ಎದ್ದು ನಿಂತಿತು.

“ತುಂಬಾ ಚೆನ್ನಾಗಿದೆ ಮಗಳೇ. ಈಗ ಬಿಚ್ಚು,” ಎಂದರು ಶಾಲೆಯ ಲೈಬ್ರರಿಯ ಲಿಸಮ್ಮ ಟೀಚರ್.

ಜೀನಾಗೆ ಅಳುವುದೋ ಕಿರುಚುವುದೋ ತಿಳಿಯಲಿಲ್ಲ. ಲೈಬ್ರರಿಯ ಹಿಂಭಾಗದ ಆ ಮೂಲೆಯಲ್ಲಿ ಏನು ಬೇಕಾದರೂ ಮಾಡಬಹುದಿತ್ತು. ಆದರೆ ತಿಂಗಳ ಕೊನೆಗೆ ಎಲ್ಲ ಬಿಚ್ಚಿ, ಮುಂದಿನವರಿಗೆಂದು ಸಾಮಾನನ್ನು ಪೆಟ್ಟಿಗೆಗೆ ಹಾಕಬೇಕಿತ್ತು.

“ಮುಂದಿನ ವಾರ ನಮ್ಮ ಅಮ್ಮಚ್ಚಿ ಪೋಷಕರ ಮೀಟಿಂಗಿಗೆ ಬರ್ತಾರೆ ಟೀಚರ್. ಅಷ್ಟರ ತನಕ ಇರಲಿ.”

ಕಳೆದ ಮಳೆಗಾಲದಲ್ಲಿ ಕಾಯಲಿನ ಹಿನ್ನೀರು ಮನೆಗೆ ನುಗ್ಗಿದಾಗ, ಅಜ್ಜಿ ಅಮ್ಮಚ್ಚಿ ಇದೇ ಶಾಲೆಯ ಮಹಡಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ದಿನಾ ಬೆಳಿಗ್ಗೆ ಎದ್ದು, “ಮನೆ ಇದೆಯಾ, ಹೋಯಿತಾ?” ಎಂದು ಕೇಳುತ್ತಿದ್ದರು.

“ಎಲ್ಲರೂ ಇನ್ನೊಂದು ವಾರ ಅಂತಲೇ ಕೇಳ್ತಾರೆ. ವೀಡಿಯೊ ತೆಗೆದು ಕಳಿಸ್ತೀನಿ,” ಎಂದರು ಟೀಚರ್.

“ಅಮ್ಮಚ್ಚಿಗೆ ಫೋನಲ್ಲಿ ಏನೂ ಕಾಣಲ್ಲ. ಅದೂ ಅಲ್ಲದೆ, ಒತ್ತೋದು ಅವರೇ ಒತ್ತಬೇಕು.”

ಪಕ್ಕದಲ್ಲಿ ನೀರಜ ಆಗಲೇ ಬಂದು ನಿಂತಿದ್ದಳು. ಜೀನಾಳದೇ ಕ್ಲಾಸು. ಮುಂದಿನ ಸರದಿ ಅವಳದು.

“ನಂಗೆ ಸಿರಿಂಜು ಬೇಕು. ಬಾಯಿ ತೆಗೆಯೋ ಮೊಸಳೆ ಮಾಡ್ತೀನಿ. ಬುಕ್ ವಾಪಸ್ ಕೊಡದವರನ್ನ ತಿನ್ನುತ್ತೆ.”

“ಮೊಸಳೆಯಂತೆ ಮೊಸಳೆ. ನೀರು ಬಂದ್ರೆ ನನ್ನ ಮನೆ ಎದ್ದು ನಿಲ್ಲುತ್ತೆ. ನಿನ್ನ ಮೊಸಳೆ ಏನು ಮಾಡುತ್ತೆ?”

“ಈಜುತ್ತೆ,” ಎಂದಳು ನೀರಜ.

ಟೀಚರ್ ನಗು ತಡೆದುಕೊಂಡರು. ಅದನ್ನು ನೋಡಿ ಜೀನಾಗೆ ಇನ್ನೂ ಉರಿಯಿತು.

“ತಗೋ, ತಗೋ. ಎಲ್ಲ ತಗೋ,” ಎಂದು ಸಿರಿಂಜುಗಳನ್ನು ಒಂದೊಂದಾಗಿ ಕಿತ್ತು ಅವಳ ಕೈಗೆ ತುರುಕಿದಳು. ಮನೆ ಒಂದು ಕಡೆಗೆ ವಾಲಿ ಕುಸಿದು ಕೂತಿತು.

ಇನ್ನು ಉಳಿದದ್ದು ಗೋಡೆ. ಅಂಟಿಸಿದ್ದ ನೀಲಿ ಕಾಗದವನ್ನು ಜೀನಾ ಸಿಟ್ಟಿನಿಂದ ಪರ್‍ರನೆ ಎಳೆದಳು.

ಅದರ ಕೆಳಗೆ ಒಂದು ಚಹಾ ಅಂಗಡಿ ಇತ್ತು.

ಯಾರೋ ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದರು. ಒಲೆ, ಹೊಗೆ, ಗಾಜಿನ ಡಬ್ಬಿಯಲ್ಲಿ ಪರಿಪ್ಪುವಡೆ. ಒಂದೊಂದು ವಡೆಗೂ ಚುಕ್ಕಿ ಇಟ್ಟು ಬೇಳೆ ತೋರಿಸಿದ್ದರು. ಪಕ್ಕದಲ್ಲಿ ಒಂದು ಬೆಂಚು.

ಜೀನಾ ಇನ್ನೊಂದು ಬದಿಯ ಕಾಗದವನ್ನು ಹರಿಯದ ಹಾಗೆ ಉಗುರಿನಿಂದ ನಿಧಾನ ಬಿಡಿಸಿದಳು. ಅಲ್ಲಿ ಕೆಳಗಡೆ ಎರಡು ದುಂಡನೆ ತೂತು. ಮೇಲೆ ಸಾಲಾಗಿ ಕಿಟಕಿಗಳು. ಅಂಗಡಿ ಆಗುವ ಮೊದಲು ಈ ರಟ್ಟು ಬಸ್ಸಾಗಿತ್ತು. ಒಂದು ಕಿಟಕಿಯಿಂದ ಯಾರೋ ಬಗ್ಗಿ ವಾಂತಿ ಮಾಡುತ್ತಿದ್ದರು.

“ಟೀಚರ್, ಇದನ್ನ ಯಾರು ಮಾಡಿದ್ದು?”

“ಬಸ್ಸಾ? ಯಾರೋ, ಮರೆತೇಹೋಯಿತು. ಚಹಾ ಅಂಗಡಿ ಮಾಡಿದವಳು ಈಗ ಹೈಸ್ಕೂಲಿಗೆ ಹೋದಳು. ಬಿಚ್ಚಿದ ಮೇಲೆ ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.”

ಆ ಕಡೆ ನೀರಜ ಸಿರಿಂಜಿಗೆ ಟ್ಯೂಬು ಸಿಕ್ಕಿಸಲು ಹೋಗಿ ತೊಡೆ ಮೇಲೆಲ್ಲ ನೀರು ಚೆಲ್ಲಿಕೊಂಡಿದ್ದಳು.

“ಅದು ಸೋರುತ್ತೆ. ಸಿರಿಂಜಿನ ಬಾಯಿಗೆ ದಾರ ಸುತ್ತಿ ಸಿಕ್ಕಿಸು,” ಎಂದಳು ಜೀನಾ. ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೂ ದಾರದ ಉಂಡೆಯನ್ನು ಹುಡುಕಿ ಅವಳತ್ತ ತಳ್ಳಿದಳು.

ಆಮೇಲೆ ರಟ್ಟನ್ನು ಪೆಟ್ಟಿಗೆಗೆ ಹಾಕಲು ಎತ್ತಿಕೊಂಡಳು. ಹಾಕಲಿಲ್ಲ. ಮತ್ತೆ ಮೇಜಿನ ಮೇಲಿಟ್ಟು ನೋಡಿದಳು. ಅಂಗಡಿಯ ಬೆಂಚು ಖಾಲಿ ಇತ್ತು.

ಪೆನ್ಸಿಲ್ ತೆಗೆದುಕೊಂಡು ಆ ಬೆಂಚಿನ ಮೇಲೆ ಒಬ್ಬ ಗಿರಾಕಿಯನ್ನು ಬರೆದು ಕೂರಿಸಿದಳು. ಕೈಗೊಂದು ಬಿಸಿ ಚಹಾ ಕೊಟ್ಟಳು.