ಗೀರಿಲ್ಲದ ರೆಕಾರ್ಡು ಬೇಡ

"ಇದನ್ನ ವಾಪಸ್ ತಗೊಳ್ಳಿ. ಇದರಲ್ಲಿ ಗೀರೇ ಇಲ್ಲ!"

ಮಹಡಿಯ ಮೇಲಿದ್ದ ಹಳೆಯ ರೆಕಾರ್ಡುಗಳ ಆ ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದರೂ ಅವಳು ಇಂಥ ದೂರು ಕೇಳಿದ್ದು ಇದೇ ಮೊದಲು. ಭೂತಗನ್ನಡಿಯನ್ನು ಬದಿಗಿಟ್ಟು ತಲೆಯೆತ್ತಿದಳು.

ಎದುರಿಗೊಬ್ಬ ಗಂಡಸು. ಮೂವತ್ತೈದರ ಆಸುಪಾಸು. ನೀಲಿ ಕೆಲಸದಂಗಿ, ಮಂಡಿಗೆ ರಬ್ಬರ್ ಪಟ್ಟಿ, ಕಿವಿಯ ಹಿಂದೆ ಪೆನ್ಸಿಲ್. ಕಟ್ಟಡದ ಲಿಫ್ಟ್ ರಿಪೇರಿಗೆ ಬಂದವನು. ಹಿಂದಿನ ದಿನ ಅವಳ ಸೋದರಮಾವನಿಂದ ಒಂದು ಜಾಝ್ ರೆಕಾರ್ಡು ಕೊಂಡುಹೋಗಿದ್ದ. ರಟ್ಟಿನ ಮೇಲೆ ಖಾಲಿ ಕುರ್ಚಿಯ ಚಿತ್ರ. ಬೆರಳಿಗೆಲ್ಲ ಗ್ರೀಸ್ ಆಗಿದ್ದರಿಂದ ಅದನ್ನು ಎರಡು ಮೊಣಕೈಗಳ ನಡುವೆ ಅವುಚಿ ಹಿಡಿದಿದ್ದ.

"ಗೀರಿಲ್ಲದಿದ್ರೆ ತಪ್ಪಾ?"

"ನನಗೆ ತಪ್ಪೇ. ಮೂರನೇ ಹಾಡು... ಸ್ಯಾಕ್ಸೊಫೋನು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋಗುತ್ತೆ. ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಮುಳ್ಳು ಹಾರಬೇಕು. ಟಕ್! ನೇರ ಪಿಯಾನೋ. ನನ್ನ ರೆಕಾರ್ಡು ಹಾಗಿತ್ತು. ಮನೆ ಬದಲಾಯಿಸೋವಾಗ ಕೈತಪ್ಪಿ ಹೋಯ್ತು. ಹನ್ನೊಂದು ವರ್ಷ ಆಯ್ತು. ಈ ಊರಲ್ಲೇ ಯಾರ ಹತ್ರಾನೋ ಇರಬೇಕು."

ಅವಳು ಬದಿಗಿಟ್ಟ ಭೂತಗನ್ನಡಿಯನ್ನು ಮತ್ತೆ ಎತ್ತಿಕೊಂಡಳು.

ಅದು ಯಾರ ಹತ್ತಿರ ಇದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಬೀದಿ ಆಚೆ, ಅವಳದೇ ಕೋಣೆಯಲ್ಲಿ, ಕಿಟಕಿ ಪಕ್ಕದ ಕಪಾಟಿನಲ್ಲಿ, ಎಡದಿಂದ ಮೊದಲನೆಯದು.

"ನೋಡ್ತೀನಿ. ಸಿಕ್ಕರೆ ಹೇಳ್ತೀನಿ," ಎಂದಳು ತಣ್ಣಗೆ.

ಸುಳ್ಳು ಹೇಳುವಾಗ ಅವಳ ದನಿ ಯಾವಾಗಲೂ ತಣ್ಣಗಿರುತ್ತಿತ್ತು. ನಿಜ ಹೇಳುವಾಗಲೂ ಹಾಗೇ. ಅದೊಂದು ಅನುಕೂಲ.

ಅವಳ ಕೆಲಸ ಗೀರು ನೋಡುವುದು. ಬಂದ ರೆಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ದರ್ಜೆ ಬರೆದ ಚೀಟಿ ಅಂಟಿಸುವುದು. ಹೊಸದರಂತಿದೆ, ಚೆನ್ನಾಗಿದೆ, ಪರವಾಗಿಲ್ಲ, ಗೋಡೆಗೆ ನೇತುಹಾಕಬಹುದು. ಅಂಗಡಿಯ ಯಜಮಾನರಾದ ಸೋದರಮಾವ ಅವಳನ್ನು ಕರೆಯುತ್ತಿದ್ದುದೇ 'ಭೂತಗನ್ನಡಿ' ಎಂದು. ಮನುಷ್ಯರಿಗೂ ಅವಳು ಮನಸ್ಸಿನಲ್ಲೇ ಚೀಟಿ ಅಂಟಿಸುತ್ತಿದ್ದಳು. ಲಿಫ್ಟಿನವನಿಗೆ ಆ ದಿನ ಸಿಕ್ಕಿದ್ದು 'ಪರವಾಗಿಲ್ಲ'.

ಗೀರಿದ್ದ ಆ ಕುರ್ಚಿ ರೆಕಾರ್ಡು ಅವಳು ಕೆಲಸಕ್ಕೆ ಸೇರಿದ ದಿನವೇ ಒಂದು ಡಬ್ಬದಲ್ಲಿ ಬಂದಿತ್ತು. ಮಾವ ನೋಡಿದವರೇ "ಬಿಸಾಕು" ಎಂದಿದ್ದರು. ಅವಳು ಬಿಸಾಡದೆ ಮನೆಗೆ ಒಯ್ದಳು. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಅದನ್ನು ಕೇಳುವುದು ಒಂದು ಸಲ, ಕೆಲಸದಿಂದ ಬಂದು ಚಪ್ಪಲಿ ಬಿಟ್ಟಕೂಡಲೇ ಒಂದು ಸಲ. ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ವರ್ಷ ದಿನಕ್ಕೆ ನಾಲ್ಕು ಸಲ. ತುದಿ ಮುಟ್ಟದೆ ಹಾರಿಕೊಳ್ಳುವ ಆ ಸ್ಯಾಕ್ಸೊಫೋನು ಅವಳಿಗೆ ಸಮಾಧಾನ ಕೊಡುತ್ತಿತ್ತು. ಎಲ್ಲವೂ ತುದಿ ಮುಟ್ಟಲೇಬೇಕೆಂದು ಏನಿದೆ?

ಇದನ್ನು ಕೊಡುವುದೇ? ಆಗುವುದಿಲ್ಲ... ಆಗುವುದೇ ಇಲ್ಲ!

ಇನ್ನೊಂದು ವಿಷಯವೂ ಇತ್ತು. ಒಳಗಿನ ಕಾಗದದ ಕವರಿನ ಮೇಲೆ, ಹೆಂಗಸೊಬ್ಬಳ ದುಂಡನೆಯ ಕೈಬರಹದಲ್ಲಿ ಒಂದು ಸಾಲು: 'ಮೇಜು ಮುಟ್ಟಬೇಡ, ಕೋತಿ!'

ಇಷ್ಟು ಸಲುಗೆಯಿಂದ ಬೈಯುವವಳು ಯಾರಿರಬಹುದು? ಹಳೆಯ ಪ್ರೀತಿಯೇ ಇರಬೇಕು ಎಂದು ಅವಳು ತೀರ್ಮಾನಿಸಿದಳು. ಅವನನ್ನು ಕೇಳಿಬಿಡಬಹುದಿತ್ತು. ಕೇಳಿದರೆ ರೆಕಾರ್ಡು ಎಲ್ಲಿದೆ ಎಂದು ಬಾಯಿ ಬಿಟ್ಟಂತೆ. ಹಾಗಾಗಿ ಕೇಳಲಿಲ್ಲ.

ಮುಂದಿನ ಶನಿವಾರ ಅವನು ಮತ್ತೆ ಬಂದ. ಮೂಲೆಯ ಡಬ್ಬಗಳ ಮುಂದೆ ಮಂಡಿಯೂರಿ ಒಂದೊಂದೇ ರಟ್ಟು ಸರಿಸುತ್ತ ಕೂತ. ಅವಳು ತನ್ನ ಪಾಡಿಗೆ ರೆಕಾರ್ಡು ಒರೆಸುತ್ತ ಏನೋ ಗುನುಗುತ್ತಿದ್ದಳು.

"ಅಯ್ಯೋ, ಹಾಡೋದಿದ್ರೆ ಪೂರ್ತಿ ಹಾಡೇ! ಮಧ್ಯದಲ್ಲಿ ನುಂಗಿಬಿಡ್ತೀಯಲ್ಲ," ಎಂದು ಮಾವ ರೇಗಿಸಿದರು.

ಅವಳು ಬಾಯಿ ಮುಚ್ಚಿಕೊಂಡಳು. ಡಬ್ಬದ ಹತ್ತಿರ ರಟ್ಟು ಸರಿಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಅದರ ಮುಂದಿನ ಶನಿವಾರವೂ ಬಂದ. ಅದರ ಮುಂದಿನದೂ. ಈಗೀಗ ಡಬ್ಬ ನೋಡುವುದಕ್ಕಿಂತ ಮಾತೇ ಜಾಸ್ತಿ. ನಾಲ್ಕನೆಯ ಮಹಡಿಯ ಅಜ್ಜಿ ಲಿಫ್ಟಿಗೆ ನಮಸ್ಕಾರ ಹೇಳಿ ಹತ್ತುವುದು, ತಂತಿಹಗ್ಗ ಸವೆದಿದೆಯೇ ಎಂದು ಬಟ್ಟೆ ಹಿಡಿದು ಸವರಿ ನೋಡುವುದು, ಬೆಳಿಗ್ಗೆ ಕೇಳಲು ಒಳ್ಳೆಯದು ಟ್ರಂಪೆಟ್ಟೋ ಪಿಯಾನೋವೋ ಎಂಬ ಜಗಳ. ಅವಳು ನಗುವುದನ್ನು ಮಾವ ಬಹಳ ದಿನಗಳ ಮೇಲೆ ನೋಡಿದರು.

"ಲಿಫ್ಟು ತಿಂಗಳಿಗೊಮ್ಮೆ ನೋಡಿದ್ರೆ ಸಾಕಂತೆ. ಈ ಲಿಫ್ಟಪ್ಪ ವಾರ ವಾರ ಬರ್ತಾನೆ. ಅದಕ್ಕೆ ಅಂಥದ್ದೇನೇ ಕಾಯಿಲೆ?"

"ನನಗೇನು ಗೊತ್ತು ಮಾವ? ರೆಕಾರ್ಡು ಹುಡುಕೋಕೆ ಬರ್ತಾರೆ."

ಹೇಳಿದ ಮೇಲೆ ಅವಳಿಗೆ ಸಂಕಟವಾಯಿತು. ನಿಜವೇ ತಾನೆ! ಅವನು ಬರುವುದು ರೆಕಾರ್ಡಿಗಾಗಿ. ಕೊಟ್ಟ ದಿನವೇ ಬರುವುದು ನಿಲ್ಲುತ್ತದೆ. ಆ ದುಂಡನೆಯ ಬರಹದವಳ ನೆನಪನ್ನು ಎತ್ತಿಕೊಂಡು ಹೊರಟುಹೋಗುತ್ತಾನೆ. ಮೊದಲು ಅವಳು ಬಚ್ಚಿಟ್ಟಿದ್ದು ರೆಕಾರ್ಡನ್ನು ಉಳಿಸಿಕೊಳ್ಳಲು. ಈಗ ಬಚ್ಚಿಡುತ್ತಿರುವುದು ಶನಿವಾರಗಳನ್ನು ಉಳಿಸಿಕೊಳ್ಳಲು. ಅವಳಿಗೆ ಅವನು ಬೇಕಾಗಿದ್ದ. ಅಷ್ಟೇ ವಿಷಯ.

ಏಳನೆಯ ಶನಿವಾರ ಅವನು ಡಬ್ಬಗಳ ಕಡೆ ಹೋಗಲೇ ಇಲ್ಲ.

"ಇವತ್ತಿಗೆ ಕೊನೆ. ಇನ್ನು ಹುಡುಕಲ್ಲ."

"ಯಾಕೆ?"

"ಸಾಕು ಅನಿಸ್ತು." ಇನ್ನೇನೋ ಹೇಳಲು ಹೊರಟವನು, ಮಾವನ ಮುಖ ನೋಡಿ ನುಂಗಿಕೊಂಡ. "ಕೆಳಗೆ ಲಿಫ್ಟ್ ಬಾಗಿಲು ಸ್ವಲ್ಪ ಕಿರುಗುಡ್ತಿದೆ. ನೋಡಿ ಹೊರಡ್ತೀನಿ."

ಅವನು ಇಳಿದುಹೋದ. ಅವಳು ಕೈಯಲ್ಲಿದ್ದ ರೆಕಾರ್ಡಿಗೆ ಚೀಟಿ ಅಂಟಿಸಿದಳು. 'ಹೊಸದರಂತಿದೆ.' ಅದರ ಅಂಚು ಒಡೆದಿತ್ತು.

ಕೊಟ್ಟರೂ ಬರುವುದಿಲ್ಲ, ಕೊಡದಿದ್ದರೂ ಬರುವುದಿಲ್ಲ... ಹಾಗಿದ್ದಮೇಲೆ ಕಳ್ಳಿ ಅನಿಸಿಕೊಂಡು ಯಾಕಿರಲಿ?

"ಮಾವ, ಈಗ ಬಂದೆ!"

ಚಪ್ಪಲಿ ಅದಲುಬದಲಾಗಿ ಮೆಟ್ಟಿದ್ದೂ ಅವಳ ಗಮನಕ್ಕೆ ಬರಲಿಲ್ಲ. ಎರಡು ಬೀದಿ ಓಡಿದಳು. ವಾಪಸು ಬಂದಾಗ ಅವನು ಕೆಳಗಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಮರದ ತುಂಡು ಕೊಟ್ಟು, ಹಳಿಗೆ ಎಣ್ಣೆ ಬಿಡುತ್ತಿದ್ದ.

"ತಗೊಳ್ಳಿ."

ಅವನು ಖಾಲಿ ಕುರ್ಚಿಯ ಚಿತ್ರ ನೋಡಿದ. ಅವಳನ್ನು ನೋಡಿದ.

"ನಿಮ್ಮದೇ. ಮೊದಲ ದಿನದಿಂದ ನನ್ನ ಹತ್ರಾನೇ ಇತ್ತು. ಸುಳ್ಳು ಹೇಳಿದೆ. ಕೊಟ್ಟರೆ ನೀವು ಬರಲ್ಲ ಅಂತ..." ದನಿ ಇವತ್ತು ತಣ್ಣಗಿರಲಿಲ್ಲ.

"ಗೊತ್ತಿತ್ತು."

"ಏನು?"

"ಎರಡನೇ ವಾರಾನೇ ಗೊತ್ತಾಯ್ತು. ಗುನುಗ್ತಾ ಇದ್ರಲ್ಲ? ಮೇಲೆ ಹತ್ತಿ ಹತ್ತಿ, ಟಕ್ ಅಂತ ಪಿಯಾನೋಗೆ ಹಾರಿದ್ರಿ. ಆ ಹಾಡನ್ನ ಹಾಗೆ ಹಾಡೋರು ಲೋಕದಲ್ಲಿ ಇಬ್ಬರೇ ಅಂದ್ಕೊಂಡಿದ್ದೆ. ನಾನು, ನಮ್ಮಕ್ಕ."

"ಅಕ್ಕ?"

ಅವಳು ಒಳಗಿನ ಕವರು ಎಳೆದು ತೋರಿಸಿದಳು. ಅವನು ಜೋರಾಗಿ ನಕ್ಕುಬಿಟ್ಟ.

"ಅಯ್ಯೋ, ಇದಿನ್ನೂ ಇದೆಯಾ! ಒಂಬತ್ತು ವರ್ಷದವನಿದ್ದಾಗ ಕುಣಿಯೋಕೆ ಹೋಗಿ ರೆಕಾರ್ಡು ತಿರುಗ್ತಿದ್ದ ಮೇಜಿಗೆ ಗುದ್ದಿದೆ. ಗೀರು ಬಿತ್ತು. ಅಕ್ಕ ಮೂರು ದಿನ ಮಾತು ಬಿಟ್ಟು, ಆಮೇಲೆ ಇದನ್ನ ಬರೆದಿಟ್ಟಳು."

ಏಳು ವಾರದ ಹೊಟ್ಟೆಕಿಚ್ಚು ಅವನ ಅಕ್ಕನ ಮೇಲೆ! ಅವಳ ಮುಖ ಕೆಂಪಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಗೊತ್ತಿದ್ದೂ ಸುಮ್ಮನಿದ್ರಾ? ಅದೇ ಡಬ್ಬಗಳನ್ನ ಮತ್ತೆ ಮತ್ತೆ ನೋಡ್ತಾ ಕೂತಿದ್ರಲ್ಲ!"

"ಬರೋಕೆ ಏನಾದ್ರೂ ನೆಪ ಬೇಕಲ್ಲ?"

"ಮತ್ತೆ ಇವತ್ತು ಕೊನೆ ಅಂದ್ರಿ?"

"ಹುಡುಕೋದು ಕೊನೆ ಅಂದೆ. ಬರೋದಲ್ಲ. ಮುಂದಿನ ವಾರದಿಂದ ನಿಮಗೋಸ್ಕರಾನೇ ಬರ್ತೀನಿ ಅಂತ ಹೇಳೋಕೆ ಬಂದಿದ್ದೆ... ನಿಮ್ಮ ಮಾವ ಕಣ್ಣು ಮಿಟುಕಿಸದೆ ನೋಡ್ತಾ ಇದ್ರು."

ಅವನು ರೆಕಾರ್ಡನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿದ. "ನಿಮ್ಮ ಹತ್ರಾನೇ ಇರಲಿ. ಕೇಳಬೇಕು ಅನಿಸಿದಾಗ ಕರೀರಿ, ಬರ್ತೀನಿ."

"ಈಗಲೇ ಅನಿಸ್ತಿದೆ," ಎಂದಳು.

ಬಾಗಿಲಿನ ಮರದ ತುಂಡು ತೆಗೆದು ಇಬ್ಬರೂ ಮೇಲೆ ಹೋದರು. ಮಾವ ಒಮ್ಮೆ ನೋಡಿ, ಹೊರಗೆ ಏನೋ ತುರ್ತು ಕೆಲಸವಿದೆ ಎಂದು ಹೊರಟರು. ಅವರಿಗೆ ಅಂಥ ಕೆಲಸವೇನೂ ಇರಲಿಲ್ಲ.

ಅವಳು ಮುಳ್ಳನ್ನು ಮೂರನೆಯ ಹಾಡಿನ ಮೇಲೆ ಇಳಿಸಿದಳು. ಸ್ಯಾಕ್ಸೊಫೋನು ಹತ್ತತೊಡಗಿತು... ಇನ್ನೂ ಮೇಲೆ... ಅವನು ಮೈಮರೆತು ಮುಂದೆ ಬಾಗಿ ಮೇಜಿನ ಮೇಲೆ ಮೊಣಕೈ ಊರಲು ಹೋದ.

"ಮೇಜು ಮುಟ್ಟಬೇಡ, ಕೋತಿ!"

ಟಕ್! ಪಿಯಾನೋ.

ಅವನು ಕೈ ಹಿಂದಕ್ಕೆಳೆದುಕೊಂಡು ನಿಂತ. ಹಾಡು ಮುಗಿಯಿತು.

"ಇನ್ನೊಂದ್ಸಲ ಹಾಕ್ತೀಯಾ?" ಎಂದು ಕೇಳಿದ ಮೆತ್ತಗೆ.

"ಹಾಕ್ತೀನಿ. ಆದ್ರೆ ದೂರ ಕೂತ್ಕೋ."

"ಎಷ್ಟು ದೂರ?"

ಅವಳು ಸ್ವಲ್ಪ ಯೋಚಿಸಿ, ಮಾವನ ಸ್ಟೂಲನ್ನು ತನ್ನ ಪಕ್ಕಕ್ಕೆ ಎಳೆದಳು.

"ಇಷ್ಟು."